ಮಲೆನಾಡಿನ ಅಂಗಳದಿಂದ ಗುರುವಿನ ಕೆಂಪು ಚುಕ್ಕೆಯನ್ನು ನೋಡುವ ಬಗೆ

ಗುರುಗ್ರಹದ ದಕ್ಷಿಣಾರ್ಧದಲ್ಲಿ, ಸುಮಾರು 22 ಡಿಗ್ರಿ ಅಕ್ಷಾಂಶದಲ್ಲಿ ಸುತ್ತುತ್ತಿರುವ ಮಹಾ ಕೆಂಪು ಚುಕ್ಕೆಯನ್ನು ವೀಕ್ಷಕರು 1831ರಿಂದಲೂ ದಾಖಲಿಸುತ್ತ ಬಂದಿದ್ದಾರೆ. ಭೂಮಿಯ ವ್ಯಾಸಕ್ಕಿಂತ ಅಗಲವಾದ ಈ ಬಿರುಗಾಳಿಯ ನಡುವೆ ಇರುವುದು ನಮ್ಮ ಚಂಡಮಾರುತಗಳಲ್ಲಿರುವಂತೆ ಕಡಿಮೆ ಒತ್ತಡವಲ್ಲ, ಹೆಚ್ಚಿನ ಒತ್ತಡ. ಅರಬ್ಬೀ ಸಮುದ್ರದಲ್ಲಿ ಎದ್ದ ಚಂಡಮಾರುತ ನೆಲ ಮುಟ್ಟಿದ ಮೇಲೆ ಸೊರಗುತ್ತದೆ. ಗುರುವಿನಲ್ಲಿ ಮುಟ್ಟಲು ನೆಲವೇ ಇಲ್ಲ, ಪಶ್ಚಿಮ ಘಟ್ಟದಂತೆ ಅಡ್ಡ ನಿಲ್ಲುವ ಬೆಟ್ಟಸಾಲೂ ಇಲ್ಲ.

ಮಳೆಗಾಲದಲ್ಲಿ ನಮ್ಮ ಕಡೆ ಆಕಾಶದ ಆಸೆ ಬಿಡಬೇಕು. ದೀಪಾವಳಿಯಿಂದ ಶಿವರಾತ್ರಿಯವರೆಗಿನ ರಾತ್ರಿಗಳು ಒಳ್ಳೆಯವು. ಗುರುವು ಸೂರ್ಯನಿಗೆ ಎದುರಾಗಿ ರಾತ್ರಿಯಿಡೀ ಕಾಣುವ ಸ್ಥಿತಿ ಸುಮಾರು 13 ತಿಂಗಳಿಗೊಮ್ಮೆ ಬರುತ್ತದೆ. ಮುಂದೆ 2027ರ ಫೆಬ್ರವರಿಯಲ್ಲಿದೆ. 70 ಮಿಲಿಮೀಟರ್ ಮಸೂರದ ದೂರದರ್ಶಕದಲ್ಲಿ ಎರಡು ಕಂದು ಪಟ್ಟಿಗಳು ಕಾಣುತ್ತವೆ, ಆದರೆ ಚುಕ್ಕೆಗೆ 100 ಮಿಲಿಮೀಟರಿಗಿಂತ ದೊಡ್ಡದೇ ಬೇಕು. 150 ಇದ್ದರೆ ಮತ್ತೂ ಮೇಲು. 120ರಿಂದ 150 ಪಟ್ಟು ವರ್ಧನೆ ಸಾಕು.

ದೂರದರ್ಶಕವನ್ನು ಎಲ್ಲಿಡುತ್ತೀರಿ ಎಂಬುದರ ಮೇಲೆಯೇ ಬಹುಪಾಲು ನಿಂತಿದೆ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಮೊದಲ ಸಲ ನಾನು ಅದನ್ನು ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳದಲ್ಲಿ ಇಟ್ಟಿದ್ದೆ. ಹಗಲೆಲ್ಲ ಬಿಸಿಲು ಹೀರಿದ್ದ ನೆಲದಿಂದ ಕಾವು ಏಳುತ್ತಿದ್ದುದರಿಂದ, ಹೊಳೆಯ ತಳದ ಕಲ್ಲು ಅಲೆಯೊಳಗೆ ತೇಲಾಡುವಂತೆ ಗ್ರಹ ನಡುಗುತ್ತಿತ್ತು. ಹುಲ್ಲಿನ ಮೇಲಿಡಿ, ಅಡಿಕೆ ಬೇಯಿಸುವ ಒಲೆಯಿಂದಲೂ ಹೆಂಚಿನ ಸೂರಿನಿಂದಲೂ ದೂರವಿರಲಿ, ನೋಡುವ ಮುನ್ನ ಮುಕ್ಕಾಲು ಗಂಟೆ ಹೊರಗೆ ತಣಿಯಲು ಬಿಡಿ. ತೆಳು ಮಂಜು ಕವಿದಿದೆಯೆಂದು ಒಳಗೆ ಹೋಗಬೇಡಿ. ಗಾಳಿ ಅಲುಗದ ಅಂಥ ರಾತ್ರಿಗಳಲ್ಲಿಯೇ ನನಗೆ ಪಟ್ಟಿಗಳ ಅಂಚು ಅತ್ಯಂತ ಚೂಪಾಗಿ ಕಂಡಿದೆ.

ಇಬ್ಬನಿಗೆ ಉಪಾಯ ತೋಟದಲ್ಲೇ ಇದೆ. ಅಡಿಕೆ ಹಾಳೆಯನ್ನು ನೆನೆಸಿ ಮೆದುವಾಗಿಸಿ, ಕೊಳವೆಯ ಬಾಯಿಗೆ ಸುತ್ತಿ, ಆ ಬಾಯಿಯ ಅಗಲದ ಒಂದೂವರೆ ಪಟ್ಟು ಮುಂದಕ್ಕೆ ಚಾಚುವಂತೆ ದಾರದಿಂದ ಬಿಗಿದು ಅಳತೆ ಕೂರಿಸಿ; ಬಳಿಕ ಬಿಚ್ಚಿ ಬಿಸಿಲಿನಲ್ಲಿ ಪೂರ್ತಿ ಒಣಗಿಸಿದ ಮೇಲೆಯೇ ಬಳಸಿ. ಮಸೂರದ ಮೇಲೆ ಇಬ್ಬನಿ ಕೂತರೆ ಬಟ್ಟೆಯಿಂದ ಒರೆಸಬಾರದು.

ಚಿತ್ರಗಳಲ್ಲಿರುವ ಗಾಢ ಕೆಂಪನ್ನು ನಿರೀಕ್ಷಿಸಬೇಡಿ. ಮೊದಲು ಕಣ್ಣಿಗೆ ಬೀಳುವುದು ದಕ್ಷಿಣದ ಕಂದು ಪಟ್ಟಿಯ ಅಂಚನ್ನು ಯಾರೋ ಕಚ್ಚಿ ತೆಗೆದಂಥ ತಗ್ಗು. ಅದರೊಳಗೆ ಮಾಸಲು ಕಿತ್ತಳೆಯ ಮೊಟ್ಟೆಯಾಕಾರ ನಿಧಾನವಾಗಿ ಗೋಚರಿಸುತ್ತದೆ. ಕನ್ನಡಿಯ ದೂರದರ್ಶಕದಲ್ಲಿ ಬಿಂಬ ತಲೆಕೆಳಗಾಗುವುದರಿಂದ ದಕ್ಷಿಣವನ್ನು ಮೇಲ್ಗಡೆ ಹುಡುಕಬೇಕು. 20 ನಿಮಿಷಕ್ಕೊಮ್ಮೆ ಪೆನ್ಸಿಲಿನಲ್ಲಿ ಚಿತ್ರ ಬರೆದು ಹೊತ್ತನ್ನು ಗುರುತಿಸಿ. ಕೈ ಬರೆಯಲು ತೊಡಗಿದಾಗ ಕಣ್ಣು ಹೆಚ್ಚು ಕಾಣತೊಡಗುತ್ತದೆ.

ಗುರು ತನ್ನ ಸುತ್ತ ತಿರುಗಲು 10 ಗಂಟೆಗೂ ಸ್ವಲ್ಪ ಕಡಿಮೆ ಸಾಕು. ಚುಕ್ಕೆ ಬಿಂಬದ ನಡುವೆ ಬರುವ ಹೊತ್ತಿನ ಹಿಂದಿನ ಮತ್ತು ಮುಂದಿನ ಸುಮಾರು ಒಂದು ಗಂಟೆಯಲ್ಲಿ ಮಾತ್ರ ಅದು ಚೆನ್ನಾಗಿ ಕಾಣುತ್ತದೆ. ಐದು ಸುತ್ತಿಗೆ 49 ಗಂಟೆ 38 ನಿಮಿಷವಾಗುವುದರಿಂದ, ಭಾನುವಾರ ರಾತ್ರಿ 8ಕ್ಕೆ ನಡುವೆ ಕಂಡ ಚುಕ್ಕೆ ಮಂಗಳವಾರ 9 ಗಂಟೆ 38 ನಿಮಿಷಕ್ಕೆ, ಗುರುವಾರ ಹನ್ನೊಂದೂಕಾಲಕ್ಕೆ ಮತ್ತೆ ಅಲ್ಲಿಗೇ ಬರುತ್ತದೆ.