ಬೋರಿನ ಗುರುತು ಹಾಕಿದೆ, ದಾರಿ ಮರೆತೆ

"ರಿಗ್ಗು ಅಲ್ಲಿಗೆ ಹೋಗೋದು ಹೇಗೆ?" ಅಂತ ಡ್ರಿಲ್ಲರ್ ಕೇಳಿದಾಗ ನನ್ನ ಬಾಯಿ ಒಣಗಿತು.

ಜಾಗ ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ. ಪರ್ತ್‌ನಿಂದ ಉತ್ತರಕ್ಕೆ ಸಾವಿರ ಕಿಲೋಮೀಟರ್‌ಗೂ ಆಚೆ ಇರುವ ಕೆಂಪು ನೆಲ, ಕಬ್ಬಿಣದ ಅದಿರಿನ ಸೀಮೆ. ಅದಿರು ಹುಡುಕುವ ಒಂದು ಸಣ್ಣ ಕಂಪನಿಯಲ್ಲಿ ನಾನು ಭೂವಿಜ್ಞಾನಿ. ಅದಿರು ಇದೆಯಾ ಅಂತ ನೋಡಲು ಬೋರು ಕೊರೆಯುವ ಮೊದಲು ಆ ನೆಲದ ಮೂಲನಿವಾಸಿಗಳ ಕೈಲಿ ಹೆರಿಟೇಜ್ ಸರ್ವೆ, ಅಂದರೆ ಅವರ ಪವಿತ್ರ ಜಾಗ, ಹಳೆಯ ಕುರುಹು ಅಲ್ಲಿವೆಯಾ ಅಂತ ನಡೆದು ನೋಡುವ ಕೆಲಸ, ಮಾಡಿಸುವುದೂ ನನ್ನ ತಲೆಗೇ ಬಿದ್ದಿತ್ತು. 22 ಬೋರಿನ ಜಾಗ ಗುರುತು ಹಾಕಿ ಕಳಿಸಿದ್ದೆ. ಸಮುದಾಯದ ಹಿರಿಯರು, ಒಬ್ಬ ಮಾನವಶಾಸ್ತ್ರಜ್ಞೆ, ಇಬ್ಬರು ಪುರಾತತ್ವದವರು ಬಂದು ನಾಲ್ಕು ದಿನ ನಡೆದರು. 19ಕ್ಕೆ ಸರಿ ಅಂದರು, 3ಕ್ಕೆ ಬೇಡ ಅಂದರು. ನಾನು ಖುಷಿಯಾಗಿದ್ದೆ. ಆದರೆ ಒಂದು ಬೋರಿನಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನು ನಕ್ಷೆಯಲ್ಲಿ ಹಾಕಿರಲೇ ಇಲ್ಲ! ಹಿರಿಯರು ನೋಡದ ನೆಲದ ಮೇಲೆ ಬುಲ್ಡೋಜರ್ ಇಳಿಸುವಂತಿಲ್ಲ, ಸಮುದಾಯದ ಜೊತೆ ನಮ್ಮ ಕಂಪನಿ ಮಾಡಿಕೊಂಡ ಒಪ್ಪಂದದಲ್ಲಿ ಹಾಗೇ ಬರೆದಿದೆ.

ಮತ್ತೆ ಕರೆಸೋಣ ಅಂದರೆ ಆ ಸಮುದಾಯದಲ್ಲಿ ಸಾವಾಗಿತ್ತು. 'ಸಾರಿ ಬಿಸಿನೆಸ್' ಅನ್ನುತ್ತಾರೆ ಅವರು. ಇಲ್ಲಿ ಬಿಸಿನೆಸ್ ಅಂದರೆ ವ್ಯಾಪಾರ ಅಲ್ಲ, ಸತ್ತವರಿಗಾಗಿ ಎಲ್ಲರೂ ಸೇರಿ ದುಃಖಿಸುವ ಕಾರ್ಯ. ಅದು ಮುಗಿಯುವವರೆಗೆ ಯಾರೂ ಸರ್ವೆಗೆ ಬರುವುದಿಲ್ಲ. ಸೂತಕದ ಮನೆಗೆ ಹೋಗಿ "ಕೆಲಸಕ್ಕೆ ಯಾವಾಗ ಬರ್ತೀರಿ" ಅಂತ ನಾವು ಕೇಳ್ತೀವಾ? ಅಷ್ಟರಲ್ಲಿ ಬೇಸಿಗೆ ಬಂತು, ಬಿಸಿಲು 45 ಡಿಗ್ರಿ ಮುಟ್ಟಿತು. ಆ ವರ್ಷದ ಡ್ರಿಲ್ಲಿಂಗ್ ಹೋಯಿತು. ತಪ್ಪು ಪೂರ್ತಿ ನನ್ನದೇ.

ಈಗ ನಾನು ಬೋರಿನ ಚುಕ್ಕೆ ಕಳಿಸುವುದಿಲ್ಲ. ಇಡೀ ಜಾಗಕ್ಕೆ ಒಂದು ಸುತ್ತುಗೆರೆ ಎಳೆದು ಕಳಿಸುತ್ತೇನೆ. ಒಳಗೆ ದಾರಿ, ರಿಗ್ಗು ತಿರುಗುವ ಜಾಗ, ಟೆಂಟು ಹಾಕುವ ಜಾಗ, ನೀರು ಎಲ್ಲಿಂದ ತರುತ್ತೇವೆ, ಎಲ್ಲಾ ಇರುತ್ತದೆ. ಯಾವ ಯಂತ್ರ, ಎಷ್ಟು ಅಗಲ ನೆಲ ಕೆರೆಯುತ್ತದೆ ಅನ್ನುವುದೂ ಬೇಕು. ಚುಕ್ಕೆಗೆ ಒಪ್ಪಿಗೆ ಸಿಕ್ಕರೆ ಆ ಚುಕ್ಕೆಯಲ್ಲೇ ಕೊರೆಯಬೇಕು. ಸುತ್ತುಗೆರೆಯೊಳಗೆ ಒಪ್ಪಿಗೆ ಸಿಕ್ಕರೆ ನಾಳೆ ಬೋರನ್ನು 50 ಮೀಟರ್ ಆಚೆ ಸರಿಸಬಹುದು. ನಡೆಯುವ ದಿನ ಜಾಸ್ತಿ ಆಗುತ್ತದೆ, ಖರ್ಚೂ ಜಾಸ್ತಿ. ಹಿರಿಯರ ದಿನದ ಸಂಭಾವನೆ, ಗಾಡಿ, ಊಟ, ವಸತಿ ಎಲ್ಲಾ ಕಂಪನಿಯದೇ. ಆದರೂ ಇದೇ ಅಗ್ಗ.

ಕಾನೂನಿನ ಮಾತು ಸ್ವಲ್ಪ ಹೇಳಲೇಬೇಕು. ಆಸ್ಟ್ರೇಲಿಯಾದ ಅತ್ಯುನ್ನತ ಕೋರ್ಟು 1992ರಲ್ಲಿ ಕೊಟ್ಟ ಮಾಬೋ ತೀರ್ಪು, ಬ್ರಿಟಿಷರು ಬರುವ ಮೊದಲು ಈ ನೆಲ ಯಾರದ್ದೂ ಆಗಿರಲಿಲ್ಲ ಅನ್ನುವ ಮಾತನ್ನು ಬಿಸಾಕಿತು. 1993ರಲ್ಲಿ ನೇಟಿವ್ ಟೈಟಲ್ ಕಾಯ್ದೆ, ಅಂದರೆ ಮೂಲನಿವಾಸಿಗಳಿಗೆ ತಮ್ಮ ನೆಲದ ಮೇಲಿರುವ ಹಕ್ಕಿನ ಕಾಯ್ದೆ, ಬಂತು. ಅದರಡಿ ಮೂಲನಿವಾಸಿಗಳು ಸಾಮಾನ್ಯವಾಗಿ ಗಣಿಗೆ 'ಆಗಲ್ಲ' ಅಂತ ತಡೆ ಹಾಕಲಾರರು, ಆದರೆ ಅವರ ಜೊತೆ ಕೂತು ಮಾತಾಡಲೇಬೇಕು. ಆರು ತಿಂಗಳಲ್ಲಿ ಒಪ್ಪಂದ ಆಗದಿದ್ದರೆ ಟ್ರಿಬ್ಯುನಲ್‌ಗೆ ಹೋಗಬಹುದು. ಇಂಥ ಒಪ್ಪಂದಗಳಲ್ಲಿ ಸರ್ವೆ ಹೇಗೆ ನಡೆಯಬೇಕು ಅನ್ನುವ ಭಾಗ ಇರುತ್ತದೆ. ನನ್ನಂಥವರು ದಿನವೂ ತೆಗೆದು ನೋಡುವುದು ಆ ಪುಟಗಳನ್ನೇ. ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಹೆರಿಟೇಜ್ ಕಾಯ್ದೆ 1972ರದ್ದು. ಅದರ 18ನೇ ಸೆಕ್ಷನ್ ಪ್ರಕಾರ ಮಂತ್ರಿ ಒಪ್ಪಿದರೆ ಪವಿತ್ರ ಜಾಗಕ್ಕೂ ಡೈನಮೈಟ್ ಇಡಬಹುದು. ಪಿಲ್ಬರಾದಲ್ಲೇ ಇರುವ ಜೂಕನ್ ಕಣಿವೆಯ ಕಲ್ಲಾಸರೆಗಳಿಗೆ, ಅಂದರೆ ಹಿಂದೆ ಜನ ತಂಗುತ್ತಿದ್ದ ಬಂಡೆ ಗುಹೆಗಳಿಗೆ, ಆದದ್ದು ಅದೇ. ಗಣಿ ಕಂಪನಿ ರಿಯೊ ಟಿಂಟೊಗೆ ಅನುಮತಿ ಸಿಕ್ಕಿದ್ದು 2013ರಲ್ಲಿ. ಮರುವರ್ಷ ಅಗೆದಾಗ ಸುಮಾರು 4,000 ವರ್ಷ ಹಳೆಯ, ಕೂದಲಲ್ಲಿ ಹೆಣೆದ ಪಟ್ಟಿಯ ತುಂಡು ಸಿಕ್ಕಿತು. ಅದರ ಡಿಎನ್‌ಎ ಆ ನೆಲದ ಇವತ್ತಿನ ಮೂಲನಿವಾಸಿಗಳಾದ ಪುಟು ಕುಂಟಿ ಕುರ್ರಮ ಮತ್ತು ಪಿನಿಕುರ ಜನರಿಗೆ ಹೊಂದಿತು. ಹಾಗಿದ್ದರೂ 2020ರ ಮೇ 24ರಂದು ರಿಯೊ ಟಿಂಟೊ ಆ ಕಲ್ಲಾಸರೆಗಳನ್ನು ಸ್ಫೋಟಿಸಿತು. 46,000 ವರ್ಷ ಹಿಂದೆಯೇ ಜನ ತಂಗಿದ್ದ ಜಾಗ. ಕಾಗದದಲ್ಲಿ ಎಲ್ಲಾ ಕ್ರಮಬದ್ಧ! ಆಮೇಲೆ ಹೊಸ ಕಾಯ್ದೆ ಬಂತು, 2023ರ ಜುಲೈ 1ರಿಂದ ಜಾರಿಯಾಯಿತು, ಆಗಸ್ಟ್‌ನಲ್ಲೇ ಸರ್ಕಾರ ಅದನ್ನು ವಾಪಸ್ ತಗೊಳ್ತೀವಿ ಅಂತು. ಹಳೆಯದೇ ತಿದ್ದುಪಡಿಯಾಗಿ ಮರಳಿತು. ಈಗ ಮಂತ್ರಿಯ ತೀರ್ಮಾನವನ್ನು ಮೂಲನಿವಾಸಿಗಳೂ ಪ್ರಶ್ನಿಸಬಹುದು. ನನ್ನ ಅನಿಸಿಕೆ ಕೇಳಿದರೆ, ಕಾಯ್ದೆ ಏನೇ ಹೇಳಲಿ, ಒಪ್ಪಂದ ಗಟ್ಟಿಯಾಗಿದ್ದ ಕಡೆ ಕೆಲಸ ಸರಿಯಾಗಿ ನಡೆದಿದೆ.

ಮತ್ತೆ ಆ 22 ಬೋರಿನ ಸರ್ವೆಗೆ ಬರುತ್ತೇನೆ. ಮೊದಲ ಬೆಳಗ್ಗೆ ನೀರಿನ ಹೊಂಡದ ಹತ್ತಿರ ಗಾಡಿ ನಿಲ್ಲಿಸಿದರು. ಹಿರಿಯರನ್ನು ಅಲ್ಲಿ ಎಲ್ಲರೂ ಅಂಕಲ್, ಆಂಟಿ ಅಂತಲೇ ಕರೆಯುತ್ತಾರೆ. ಬೆಂಗಳೂರಿನ ಆಟೋದಲ್ಲಿ ಕೇಳಿಸುವ ಅಂಕಲ್ ಅಲ್ಲ, ಅದರಲ್ಲಿ ತೂಕ ಇದೆ. ಅಂಕಲ್ ಬಾಯಿ ತುಂಬ ನೀರು ತಗೊಂಡು ಹೊಂಡದ ಮೇಲೆ ಉಗ್ಗಿದರು. ತಮ್ಮ ಭಾಷೆಯಲ್ಲಿ ಏನೋ ಹೇಳಿದರು, ನಡುವೆ ನನ್ನ ಹೆಸರೂ ಬಂತು. "ನೀನು ಯಾರು ಅಂತ ಹೇಳಿದೆ. ಹೊಸಬರು ಸುಮ್ನೆ ಹಾಗೆ ನುಗ್ಗಬಾರದು" ಅಂದರು.

ಆಮೇಲೆ ಸಾಲಾಗಿ ನಡಿಗೆ. ಸ್ಪಿನಿಫೆಕ್ಸ್ ಹುಲ್ಲಿನ ಮೊನೆ ಪ್ಯಾಂಟಿನೊಳಗೂ ಚುಚ್ಚುತ್ತದೆ. ಒಂದು ಕಡೆ ತಿಳಿ ಹಳದಿ ಕಲ್ಲಿನ ಚಕ್ಕೆ ಕಂಡಿತು, ಹೆಬ್ಬೆರಳಷ್ಟು ಉದ್ದ. ಸುತ್ತ ಇದ್ದದ್ದೆಲ್ಲ ಕಬ್ಬಿಣದ ಪಟ್ಟೆಕಲ್ಲು, ಇದು ಚರ್ಟ್, ಗಾಜಿನಂತೆ ಚೂಪಾಗಿ ಒಡೆಯುವ ಗಟ್ಟಿ ಕಲ್ಲು. ಈ ಗುಡ್ಡದ್ದಲ್ಲ, ಯಾರೋ ತಂದದ್ದು. ತಿರುಗಿಸಿ ನೋಡಿದೆ. ಏಟು ಬಿದ್ದ ಅಂಚಿನ ಕೆಳಗೇ ಒಂದು ಸಣ್ಣ ಉಬ್ಬು, ಅಲ್ಲಿಂದ ಕೆರೆಗೆ ಕಲ್ಲು ಹಾಕಿದಾಗ ಏಳುವಂಥ ಅಲೆಗಳು. ತಾನಾಗೇ ಬಿರಿದ ಕಲ್ಲಿನಲ್ಲಿ ಹೀಗೆ ಉಬ್ಬು, ಅಲೆ ಎರಡೂ ಕಾಣುವುದು ಅಪರೂಪ, ಇದು ಮನುಷ್ಯನ ಕೈ ಎಬ್ಬಿಸಿದ ಚಕ್ಕೆ. ನಮ್ಮ ವೃತ್ತಿಯ ಕೆಟ್ಟ ಚಾಳಿ, ಕಲ್ಲು ಸಿಕ್ಕರೆ ಜೇಬಿಗೆ ಹಾಕುವುದು. ನನ್ನ ಕೈ ಜೇಬಿಗೆ ಹೋಗಿಯೇಬಿಟ್ಟಿತ್ತು. ಆಂಟಿ ಏನೂ ಹೇಳಲಿಲ್ಲ, ಅಂಗೈ ಚಾಚಿದರು. ಕಲ್ಲು ಇಸ್ಕೊಂಡು, ಅದು ಬಿದ್ದಿದ್ದ ಗುಳಿಯಲ್ಲೇ, ಮೊದಲು ಯಾವ ಮಗ್ಗುಲು ಮೇಲಿತ್ತೋ ಹಾಗೇ ಇಟ್ಟರು.

ನಾನು ಬಳ್ಳಾರಿ ಕಡೆಯವನು. ಚಿಕ್ಕವನಿದ್ದಾಗ ಕಪ್ಪಗಲ್ಲು ಗುಡ್ಡ ಹತ್ತಿ, ಬಡಿದರೆ ಗಂಟೆಯಂತೆ ನಾದ ಬರುವ ಬಂಡೆಗಳನ್ನು ಬಡಿದು ಬರುತ್ತಿದ್ದೆವು. ಬಂಡೆ ಮೇಲೆ ದನಗಳ ಚಿತ್ರ ಕುಟ್ಟಿದ್ದಾರೆ, ಹೊಸಶಿಲಾಯುಗದವರ ಜಾಗ ಅದು. ಅದೇ ಗುಡ್ಡಕ್ಕೆ ಗ್ರಾನೈಟ್ ಕ್ವಾರಿಯವರೂ ಬಾಯಿ ಹಾಕಿದರು. ಆಂಟಿ ಆ ಕಲ್ಲನ್ನು ವಾಪಸ್ ಇಡುವಾಗ ನನಗೆ ಆ ಗುಡ್ಡ ನೆನಪಾಯಿತು.

ಇನ್ನು 'ಬೇಡ' ಅಂದ ಮೂರು ಜಾಗ. ನಮ್ಮದು ಕ್ಲಿಯರೆನ್ಸ್ ಸರ್ವೆ, ವರದಿಯಲ್ಲಿ ಆಗುತ್ತದೆ ಅಥವಾ ಆಗುವುದಿಲ್ಲ ಅಂತ ಅಷ್ಟೇ ಇರುತ್ತದೆ. ಏನಿದೆ, ಯಾಕೆ ಅಂತ ಬರೆಯುವುದಿಲ್ಲ. ಜಾಗದ ವಿವರ ದಾಖಲಿಸುವ ಸರ್ವೆ ಬೇರೆ, ಅದಕ್ಕೆ ಸಮಯವೂ ಬೇರೆ. ನಾನು ಎರಡು ಸಲ ಕಾರಣ ಕೇಳಿದೆ. ಮಾನವಶಾಸ್ತ್ರಜ್ಞೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಅದರಲ್ಲಿ ಒಂದು ಹೆಂಗಸರಿಗೆ ಸೇರಿದ ಜಾಗ, ಅಲ್ಲಿ ಬಂದಿದ್ದ ಗಂಡಸರಿಗೇ ಅದರ ವಿಷಯ ಗೊತ್ತಿರಬಾರದು, ನನಗೆ ಹೇಗೆ ಹೇಳುತ್ತಾರೆ? ಇನ್ನೆರಡರ ಬಗ್ಗೆ ಅವರೂ ಬಾಯಿ ಬಿಡಲಿಲ್ಲ. ಆಫೀಸಿನಲ್ಲಿ "ಅಲ್ಲೇನೂ ಇಲ್ಲ, ಸುಮ್ನೆ ತಡೀತಿದ್ದಾರೆ" ಅಂದವರಿದ್ದರು. ನಾನೂ ಮನಸ್ಸಿನಲ್ಲಿ ಹಾಗೇ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ಮಾತು, ಜಿಪಿಎಸ್ ಇಟ್ಟುಕೊಂಡವರಿಗೆ. ಆಸ್ಟ್ರೇಲಿಯಾ ಖಂಡ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. ಹಾಗಾಗಿ ಜಾಗದ ಅಕ್ಷಾಂಶ, ರೇಖಾಂಶ ಗುರುತಿಸುವ 1994ರ ಅಳತೆ ಪದ್ಧತಿಗೂ 2020ರದ್ದಕ್ಕೂ ಸುಮಾರು 1.8 ಮೀಟರ್ ವ್ಯತ್ಯಾಸ. ಹಳೆಯ ವರದಿಯ ಅಂಕಿಗಳನ್ನು ಹಾಗೇ ಹೊಸ ನಕ್ಷೆಗೆ ಹಾಕಿದರೆ ಗೆರೆ ಅಷ್ಟು ದೂರ ಜರುಗುತ್ತದೆ. ಮೂಲನಿವಾಸಿಗಳು ಹಿಂದೆ ತೊಗಟೆ ಕಿತ್ತ ಗಾಯ ಉಳಿದಿರುವ ಮರದ ಪಕ್ಕ ಡೋಜರ್ ಓಡಿಸುವಾಗ 1.8 ಮೀಟರ್ ಸಣ್ಣದಲ್ಲ.

ಮರುವರ್ಷದ ಸರ್ವೆಗೆ ಅದೇ ಅಂಕಲ್ ಬಂದರು. ಗಾಡಿಯ ಬಾನೆಟ್ ಮೇಲೆ ನಕ್ಷೆ ಹಾಸಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಈ ಸಲ ದಾರಿ ತಂದಿದ್ದೀಯಾ?"

ತಂದಿದ್ದೆ. ಎರಡು ಕಡೆ ಅವರು ಪೆನ್ನು ತಗೊಂಡು ಅದನ್ನು ಬಗ್ಗಿಸಿದರು. ನಾನು ಯಾಕೆ ಅಂತ ಕೇಳಲಿಲ್ಲ.