ನಕ್ಷೆ ಬರೆಸುವ ಮೊದಲು ಮರ ಎಣಿಸಿ: ಹೊಳೆಬದಿಯ ಹಳೆ ಕಾರ್ಖಾನೆ ಜಾಗದಲ್ಲಿ ಕಟ್ಟುವವರಿಗೆ

1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು, ನೇತ್ರಾವತಿಯ ದಡದಲ್ಲಿ. ಆಮೇಲಿನವರೂ ನೇತ್ರಾವತಿ, ಗುರುಪುರ ಹೊಳೆಗಳ ಬದಿಯನ್ನೇ ಹಿಡಿದರು. ಜೇಡಿಮಣ್ಣು ಸಿಗುತ್ತಿದ್ದದ್ದು ಅಲ್ಲಿ, ದೋಣಿ ಬರುತ್ತಿದ್ದದ್ದೂ ಅಲ್ಲಿಗೆ. ತಾರಸಿ ಮನೆಗಳ ಕಾಲ ಬಂತು, ಹಂಚು ಸುಡುವ ಗೂಡುಗಳು ಒಂದೊಂದಾಗಿ ಆರಿದವು. ಬೀಗ ಬಿದ್ದ ಕಾಂಪೌಂಡಿನೊಳಗೆ ಗೋಳಿ, ಹಾಲೆ, ಹೊನ್ನೆ ತಮ್ಮ ಪಾಡಿಗೆ ಬೆಳೆದವು. ನೀರಂಚಿನಲ್ಲಿ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್, ಹಬ್ಬಿತು. ಈಗ ‘ಹೊಳೆ ಕಾಣುವ ಫ್ಲ್ಯಾಟ್’ಗೆ ಗಿರಾಕಿಗಳಿದ್ದಾರೆ. ಇಂಥ ಜಾಗ ನಿಮ್ಮ ಕೈಗೆ ಬಂದರೆ, ಅಥವಾ ನಿಮ್ಮ ಬೀದಿಯ ಕೊನೆಯಲ್ಲೇ ಒಂದಿದ್ದರೆ, ಏನೇನು ಮಾಡಬೇಕು?

ಮೊದಲು ಎರಡು ಸಲ ನಡೆಯಿರಿ

ಒಮ್ಮೆ ಜುಲೈಯ ಜಡಿಮಳೆಯಲ್ಲಿ, ಇನ್ನೊಮ್ಮೆ ಏಪ್ರಿಲ್‌ನಲ್ಲಿ. ಮಳೆಯಲ್ಲಿ ನಡೆದರೆ ನೀರು ಎಲ್ಲಿಂದ ಇಳಿದು ಎಲ್ಲಿ ನಿಲ್ಲುತ್ತದೆ ಎಂಬುದು ಕಾಲಿಗೇ ತಿಳಿಯುತ್ತದೆ. ಹಿಂದೆ ಮಣ್ಣು ತೆಗೆದ ಹೊಂಡಗಳು ಕೆರೆಯಂತಾಗಿದ್ದರೆ ಅವನ್ನು ತುಂಬಿಸುವ ಆಸೆ ಬಿಡಿ. ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುವ ಊರಿನಲ್ಲಿ ಅಷ್ಟು ನೀರು ಹಿಡಿಯುವ ಟ್ಯಾಂಕನ್ನು ಕಾಸು ಕೊಟ್ಟು ಕಟ್ಟಿಸಬೇಕಾದೀತು. ಏಪ್ರಿಲ್‌ನ ನಡಿಗೆಯನ್ನು ಹುಣ್ಣಿಮೆ ಇಲ್ಲವೇ ಅಮಾವಾಸ್ಯೆಯ ಆಸುಪಾಸಿಗೆ ಇಟ್ಟುಕೊಂಡರೆ ದೊಡ್ಡ ಉಬ್ಬರ ಎಲ್ಲಿಯವರೆಗೆ ಏರುತ್ತದೆ ಎಂದು ಕಣ್ಣಾರೆ ನೋಡಬಹುದು.

ಟೇಪು ಹಿಡಿಯಿರಿ

ನೆಲದಿಂದ 1.37 ಮೀಟರ್ ಎತ್ತರದಲ್ಲಿ ಪ್ರತಿ ಮರದ ಸುತ್ತಳತೆ ತೆಗೆದು, ನಂಬರನ್ನು ಬಣ್ಣದಲ್ಲಿ ಬರೆಯಿರಿ, ಮೊಳೆ ಹೊಡೆಯಬೇಡಿ. ಸರ್ವೆಯವರು ಕಟ್ಟಡದ ಮೂಲೆ ಗುರುತಿಸುವಷ್ಟೇ ನಿಖರವಾಗಿ ಮರಗಳನ್ನೂ ಗುರುತಿಸಲಿ. ಈ ಹಾಳೆ ಕೈಗೆ ಬಂದ ಮೇಲೆಯೇ ಆರ್ಕಿಟೆಕ್ಟ್ ಪೆನ್ಸಿಲ್ ಹಿಡಿಯಬೇಕು. ನಕ್ಷೆ ಆದಮೇಲೆ ಮರ ಎಣಿಸಿದರೆ ಅದು ಕಡಿಯುವ ಮರಗಳ ಪಟ್ಟಿ, ಅಷ್ಟೇ.

ಎಲ್ಲವನ್ನೂ ಉಳಿಸಲಾಗುವುದಿಲ್ಲ. ಅಕೇಶಿಯಾ, ಸುಬಾಬುಲ್ ಹೋದರೆ ನನಗೇನೂ ಬೇಸರವಿಲ್ಲ. ಮಾವು, ಹಾಲೆ, ಗೋಳಿಯಂಥ ಹಳಬರನ್ನು ಮೊದಲು ಆರಿಸಿ. ಕಷ್ಟವಾಗುವುದು ಗೂಡಿನ ಗೋಡೆಯನ್ನೇ ಅಪ್ಪಿಕೊಂಡು ಬೆಳೆದ ಗೋಳಿಯ ವಿಷಯದಲ್ಲಿ. ಗೋಡೆ ಕೆಡವಿದರೆ ಮರವೂ ಹೋಗುತ್ತದೆ. ಗೋಡೆ ಗಟ್ಟಿ ಇದೆಯೆಂದು ಎಂಜಿನಿಯರ್ ಹೇಳಿದರೆ ಎರಡನ್ನೂ ಬಿಟ್ಟುಬಿಡಿ.

ನೀರಂಚು

ಉಬ್ಬರದ ನೀರು ಬರುವ ಹೊಳೆಗೆ ಕರಾವಳಿ ನಿಯಂತ್ರಣ ವಲಯ, ಅಂದರೆ ಸಿಆರ್‌ಝಡ್ ನಿಯಮ ಅನ್ವಯಿಸುತ್ತದೆ. 2019ರ ಅಧಿಸೂಚನೆಯಂತೆ ಉಬ್ಬರದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಜಾಗ ಈ ವಲಯಕ್ಕೆ ಸೇರುತ್ತದೆ. 1,000 ಚದರ ಮೀಟರ್ ಮೀರಿದ ಕಾಂಡ್ಲಾ ಕಾಡಿನ ಸುತ್ತ 50 ಮೀಟರ್ ಬಿಡಬೇಕು. ಆದರೆ ಖಾಸಗಿ ಜಾಗದ ಕಾಂಡ್ಲಾಕ್ಕೆ ಈ ಅಂತರ ಬೇಕಿಲ್ಲ ಎಂದೂ ಅದೇ ಅಧಿಸೂಚನೆಯಲ್ಲಿದೆ. ಬೇಕಿಲ್ಲದಿದ್ದರೂ ಬಿಡಿ. ಕಾಂಡ್ಲಾ ಉಸಿರಾಡುವುದು ಕೆಸರಿನಿಂದ ಮೇಲೆ ಕಾಣುವ ಬೇರುಗಳ ಮೂಲಕ. ದಡ ‘ಕ್ಲೀನ್’ ಮಾಡಲೆಂದು ಜೆಸಿಬಿ ಎರಡು ಬಕೆಟ್ ಮಣ್ಣು ಆಚೆಗೆ ದೂಡಿದರೂ ಆ ಬೇರುಗಳ ಉಸಿರು ಕಟ್ಟುತ್ತದೆ. ಕೊಡಲಿ ಮುಟ್ಟಿಸಲೇ ಬೇಕಿಲ್ಲ.

ಉಳಿದ ಮರಗಳಿಗೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಜಾಗದ ಮರವಾದರೂ ಕಡಿಯಲು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ತೆಂಗಿನಂಥ ಕೆಲವಕ್ಕೆ ವಿನಾಯಿತಿ ಇದೆ.

ಬೇಲಿ ಹಾಕಿ, ಜೆಸಿಬಿ ಬರುವ ಮೊದಲೇ

ಮರ ಸಾಯುವುದು ಬುಡದ ಕೆಳಗೆ. ದೊಡ್ಡ ಮರದ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು ಮೀಟರ್ ಮಣ್ಣಿನೊಳಗೇ ಇರುತ್ತವೆ, ಕೊಂಬೆಗಳ ನೆರಳು ದಾಟಿಯೂ ಹರಡಿರುತ್ತವೆ. ಲೆಕ್ಕ ಸುಲಭ: ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಕಾಂಡದ ದಪ್ಪ ಸಿಗುತ್ತದೆ. ಅದರ 12 ಪಟ್ಟು ದೂರಕ್ಕೆ ಸುತ್ತಲೂ ಬೇಲಿ. 220 ಸೆಂ.ಮೀ. ಸುತ್ತಳತೆಯ ಮಾವಿಗೆ ದಪ್ಪ 70 ಸೆಂ.ಮೀ., ಬೇಲಿ 8.4 ಮೀಟರ್ ದೂರ. ‘ಇಷ್ಟು ಜಾಗವೇ!’ ಎಂದು ಕಂಟ್ರಾಕ್ಟರ್ ಹುಬ್ಬೇರಿಸುತ್ತಾರೆ. ಏರಿಸಲಿ.

ಪ್ಲಾಸ್ಟಿಕ್ ಟೇಪು ಬೇಲಿಯಲ್ಲ. ಕಂಬ ನೆಟ್ಟು ತಗಡು ಹೊಡೆಸಿ. ಒಳಗೆ ಜಲ್ಲಿ ರಾಶಿ, ಲಾರಿ ಪಾರ್ಕಿಂಗ್, ಕೆಲಸದವರ ಶೆಡ್ಡು ಯಾವುದೂ ಕೂಡದು. ಕಾಂಕ್ರೀಟ್ ಮಿಕ್ಸರ್ ತೊಳೆದ ನೀರಂತೂ ಆ ಕಡೆ ಹರಿಯಲೇಬಾರದು, ಅದರ ಸುಣ್ಣದಂಶ ಬೇರನ್ನು ಸುಡುತ್ತದೆ. ಪೈಪು ಆ ದಾರಿಯಲ್ಲೇ ಹೋಗಬೇಕೆಂದಾದರೆ ಪಿಕ್ಕಾಸು ಹಿಡಿದು ಕೈಯಲ್ಲೇ ಅಗೆಸಿ, ದಪ್ಪ ಬೇರು ಸಿಕ್ಕಲ್ಲಿ ಅದರಡಿಯಿಂದ ತೂರಿಸಿ.

ನಾನು ಕಂಡ ಒಂದು ಸೈಟಿನಲ್ಲಿ ಮಾವಿನ ಮರವನ್ನು ಹೆಮ್ಮೆಯಿಂದ ಉಳಿಸಿಕೊಂಡಿದ್ದರು. ಆದರೆ ನೆಲ ಸಮ ಮಾಡುವಾಗ ಬುಡಕ್ಕೆ ಎರಡಡಿ ಮಣ್ಣು ಏರಿಸಿದರು. ಮರುವರ್ಷ ಮೈತುಂಬ ಹೂ ಬಿಟ್ಟಿತು. ಮರಕ್ಕೆ ಜಾಗ ಹಿಡಿಸಿದೆ ಎಂದು ಎಲ್ಲರಿಗೂ ಖುಷಿ. ಮೂರನೇ ವರ್ಷ ತುದಿಯಿಂದ ಒಣಗುತ್ತ ಬಂತು. ಅಷ್ಟರಲ್ಲಿ ಕಂಟ್ರಾಕ್ಟರ್ ಬಿಲ್ಲು ಪಡೆದು ಹೋಗಿಯಾಗಿತ್ತು. ಅದಕ್ಕೇ ಹೇಳುವುದು, ಪ್ರತಿ ಮರಕ್ಕೆ ಇಷ್ಟು ದಂಡ ಎಂದು ಕರಾರಿನಲ್ಲೇ ಬರೆಸಿ, ಸ್ವಲ್ಪ ಹಣವನ್ನು ಮೂರು ವರ್ಷ ಹಿಡಿದಿಡಿ. ಜೆಸಿಬಿ ಓಡಿಸುವವರನ್ನೂ ಮೊದಲ ದಿನವೇ ಕರೆದು ಬೇಲಿ ತೋರಿಸಿ. ಕರಾರು ಅವರ ಕೈಗೆ ಬರುವುದಿಲ್ಲ.

ಮಣ್ಣು

ಹಂಚಿನ ಮಣ್ಣಿಗೆ ಹೆದರಬೇಕಿಲ್ಲ. ಹಳೆ ಎಂಜಿನ್ ಕೋಣೆ, ಎಣ್ಣೆ ಡ್ರಮ್ಮು ಇಟ್ಟ ಜಾಗ, ಆಮೇಲೆ ಗೋದಾಮೋ ಗ್ಯಾರೇಜೋ ಆಗಿದ್ದ ಮೂಲೆ, ಇಲ್ಲೆಲ್ಲ ಮಣ್ಣಿನ ಮಾದರಿ ತೆಗೆಸಿ ಪರೀಕ್ಷೆಗೆ ಕಳಿಸಿ. ಕೆಟ್ಟ ಮಣ್ಣನ್ನು ಕೆದಕಿ ಹೊಳೆಬದಿಗೆ ರಾಶಿ ಹಾಕಿದರೆ ಮೊದಲ ಮಳೆಗೇ ಎಲ್ಲ ನೇತ್ರಾವತಿಗೆ.

ಬೇಲಿ ತೆಗೆಯುವ ದಿನ

ಅಪಾಯ ಮುಗಿಯಿತು ಎಂದುಕೊಳ್ಳುವ ಹೊತ್ತಿಗೆ ಗಾರ್ಡನ್ ಮಾಡುವವರು ಬಂದು ಕಾಂಡಕ್ಕೆ ತಾಗಿಸಿ ಇಂಟರ್‌ಲಾಕ್ ಹಾಸುತ್ತಾರೆ. ಬುಡದ ಸುತ್ತ ನೆಲ ತೆರೆದೇ ಇರಲಿ. ಜನ ತುಳಿಯುತ್ತಾರೆ ಎಂಬ ಚಿಂತೆಯಿದ್ದರೆ ತೆಳುವಾಗಿ ಹಂಚಿನ ಚೂರು ಹರಡಿ, ನೀರು ಇಳಿಯುತ್ತದೆ. ಆ ಕಾಂಪೌಂಡಿನಲ್ಲಿ ಹಂಚಿನ ಚೂರಿಗಂತೂ ಬರ ಬರಲಿಕ್ಕಿಲ್ಲ.