ರಜೆಯಲ್ಲಿ ಓದಿದ್ದನ್ನು ನಾಲ್ಕು ಜನರಿಗೆ ಹೇಳೋದು ಹೇಗೆ?

ಮುಂಬೈ ಕನ್ನಡಿಗರ ಬೇಸಿಗೆ ಅಂದ್ರೆ ಊರು, ಮದುವೆ, ಮಾವಿನಹಣ್ಣು, ನಡುವೆ ಸಿಕ್ಕಷ್ಟು ಪುಸ್ತಕ. ಮತ್ಸ್ಯಗಂಧ ರೈಲಿನ ಮೇಲಿನ ಬರ್ತ್‌ನಲ್ಲಿ ಮಲಗಿ ಕಾದಂಬರಿ ಮುಗಿಸಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಜೂನ್‌ನಲ್ಲಿ ಮಕ್ಕಳ ಶಾಲೆ ಶುರುವಾಗುವಷ್ಟರಲ್ಲಿ ಓದಿದ್ದು ಅರ್ಧ ಮರೆತಿರುತ್ತದೆ. ಅದಕ್ಕೆ ಮುಂಚೆ ಒಂದು ಸಂಜೆ ಕೂತು ಮಾತಾಡಿ.

ಕಥೆ ಪೂರ್ತಿ ಒಪ್ಪಿಸಬೇಡಿ. ಎಲ್ಲರೂ ಮಾಡೋದು ಇದನ್ನೇ: ಮೊದಲ ಅಧ್ಯಾಯದಿಂದ ಹಿಡಿದು ಯಾರು ಯಾರನ್ನು ಮದುವೆಯಾದರು ಅನ್ನೋವರೆಗೆ ಹೇಳ್ತಾ ಹೋಗ್ತಾರೆ, ಕೇಳುವವರು ಮೊಬೈಲ್ ತೆಗೀತಾರೆ. ಕಥೆಗೆ ಎರಡು ವಾಕ್ಯ ಸಾಕು. ಉಳಿದ ಹೊತ್ತು ನಿಮ್ಮನ್ನು ಹಿಡಿದು ನಿಲ್ಲಿಸಿದ ಒಂದೇ ಒಂದು ಜಾಗದ ಬಗ್ಗೆ ಮಾತಾಡಿ. ಆ ಜಾಗ ಆಮೇಲೆ ಹುಡುಕಿದರೆ ಸಿಗೋದಿಲ್ಲ. ಓದುವಾಗಲೇ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಪುಟದ ಸಂಖ್ಯೆ, ಪಕ್ಕದಲ್ಲಿ ಎರಡು ಪದ ಬರೆದಿಡಿ. ಲೈಬ್ರರಿ ಪುಸ್ತಕವಾದರೆ ಹಳೇ ಟಿಕೆಟ್ ಮೇಲೆ ಬರೆಯಿರಿ, ಪುಸ್ತಕದಲ್ಲಿ ಬೇಡ.

ಉದಾಹರಣೆಗೆ ಯಶವಂತ ಚಿತ್ತಾಲರ ‘ಶಿಕಾರಿ’ ತಗೊಳ್ಳಿ. 1979ರಲ್ಲಿ ಬಂದ ಕಾದಂಬರಿ, ನಡೆಯೋದು ಇದೇ ಮುಂಬೈಯಲ್ಲಿ. ‘ಅದ್ಭುತ, ಎಲ್ಲರೂ ಓದಲೇಬೇಕು’ ಅಂದರೆ ಯಾರೂ ಓದೋದಿಲ್ಲ. ಅದರ ಬದಲು ಹೀಗೆ ಹೇಳಿ: ‘ದೊಡ್ಡ ಕಂಪನಿಯ ನಾಗಪ್ಪ ಸಸ್ಪೆಂಡ್ ಆಗ್ತಾನೆ, ತನ್ನ ಬೆನ್ನ ಹಿಂದೆ ಏನು ನಡೀತಿದೆ ಅಂತ ಅವನಿಗೆ ಸರಿಯಾಗಿ ಗೊತ್ತಾಗೋದಿಲ್ಲ. ಓದಿದ ಮೇಲೆ ನಮ್ಮ ಆಫೀಸಿನಲ್ಲಿ ಬಾಗಿಲು ಹಾಕಿಕೊಂಡು ಮೀಟಿಂಗ್ ನಡೆದರೆ ನನಗೂ ಅನುಮಾನ ಶುರುವಾಗಿದೆ.’ ನೋಡಿ, ಆಫೀಸಿಗೆ ಹೋಗುವವರು ತಕ್ಷಣ ಕಿವಿ ನೆಟ್ಟಗೆ ಮಾಡ್ತಾರೆ.

ಆಮೇಲೆ ಅರ್ಧ ಪುಟ ಗಟ್ಟಿಯಾಗಿ ಓದಿ. ಇಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳಿಗೆ ಕನ್ನಡ ಮಾತಾಡೋಕೆ ಬರುತ್ತದೆ, ಓದೋಕೆ ಬರೋದಿಲ್ಲ, ಆದರೆ ಕೇಳಿದರೆ ಚೆನ್ನಾಗೇ ಅರ್ಥವಾಗುತ್ತದೆ. ಸ್ವಲ್ಪ ದೊಡ್ಡವರಾದರೆ ಜಯಂತ ಕಾಯ್ಕಿಣಿಯವರ ಮುಂಬೈ ಕಥೆಗಳ ಇಂಗ್ಲಿಷ್ ಅನುವಾದ ‘ನೋ ಪ್ರೆಸೆಂಟ್ಸ್ ಪ್ಲೀಸ್’ ಕೈಗೆ ಕೊಡಿ. ಅದಕ್ಕೆ ದಕ್ಷಿಣ ಏಷ್ಯಾದ ಸಾಹಿತ್ಯಕ್ಕೆ ಕೊಡುವ ಡಿಎಸ್‌ಸಿ ಪ್ರಶಸ್ತಿ (2018) ಬಂದಿದೆ. ಒಂದೇ ಕಥೆಯನ್ನು ನೀವು ಕನ್ನಡದಲ್ಲಿ, ಅವರು ಇಂಗ್ಲಿಷ್‌ನಲ್ಲಿ ಓದಿಕೊಂಡು ಬಂದರೆ ಜಗಳಕ್ಕೂ ಒಳ್ಳೇ ವಿಷಯ ಸಿಗುತ್ತದೆ.

ಪುಸ್ತಕ ಹಿಡಿಸಲಿಲ್ಲವಾ? ಹಾಗೇ ಹೇಳಿ, ಯಾವ ಪುಟದಲ್ಲಿ ಬೇಜಾರಾಯಿತು ಅನ್ನೋದನ್ನೂ ಹೇಳಿ. ಸುಮ್ನೆ ಹೊಗಳೋರು ಜಾಸ್ತಿಯಾದ ಕಡೆ ನನಗಂತೂ ನಿದ್ದೆ ಬರುತ್ತದೆ.

ಎಲ್ಲಿ ಸೇರೋದು? ಮಾಟುಂಗಾ ಕಡೆ ಯಾರದಾದರೂ ಮನೆ ಇದ್ದರೆ ಬಹಳ ಅನುಕೂಲ. ಲೋಕಲ್ ರೈಲಿನ ಸೆಂಟ್ರಲ್ ಲೈನಿನವರಿಗೆ ಮಾಟುಂಗಾ ಸ್ಟೇಷನ್, ವೆಸ್ಟರ್ನ್‌ನವರಿಗೆ ಮಾಟುಂಗಾ ರೋಡ್, ಹಾರ್ಬರ್‌ನವರಿಗೆ ಕಿಂಗ್ಸ್ ಸರ್ಕಲ್. ನವಿ ಮುಂಬೈಯವರು ನೇರ ರೈಲು ಸಿಗದಿದ್ದರೆ ವಡಾಳಾದಲ್ಲಿ ರೈಲು ಬದಲಿಸಬೇಕು, ಅಷ್ಟೇ. ಭಾನುವಾರ ಇಟ್ಟುಕೊಳ್ಳೋದಾದರೆ ಹಳಿ ರಿಪೇರಿಗೆ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಯಾವ ಲೈನಿನಲ್ಲಿದೆ ಅಂತ ಮೊದಲೇ ನೋಡಿ, ಇಲ್ಲದಿದ್ರೆ ಡೊಂಬಿವಲಿಯವರು ಕಾಫಿ ಮುಗಿದ ಮೇಲೆ ಬರ್ತಾರೆ. ಮಳೆ ಸಾಮಾನ್ಯವಾಗಿ ಜೂನ್ ಎರಡನೇ ವಾರ ಹಿಡಿದುಕೊಳ್ಳುತ್ತದೆ, ಅದರೊಳಗೆ ಮುಗಿಸಿ. ಆರೇಳು ಜನ ಸಾಕು, ಒಬ್ಬೊಬ್ಬರಿಗೆ ಹತ್ತು ನಿಮಿಷ. ಭಾಷಣ, ಹಾರ, ವಂದನಾರ್ಪಣೆ ಯಾವುದೂ ಬೇಡ.

ಬರಲಾಗದವರು ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಲಿ. ಎರಡು ನಿಮಿಷ ಮೀರಬಾರದು, ಫ್ಯಾನ್ ಆಫ್ ಮಾಡಿ ಮಾತಾಡಬೇಕು.

ಕೊನೆಗೆ ಪುಸ್ತಕಗಳು ಕೈ ಬದಲಾಗೋದು ಖಂಡಿತ. ಯಾರ ಪುಸ್ತಕ ಯಾರ ಕೈಯಲ್ಲಿದೆ ಅಂತ ತೋರಿಸುವ ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕಿ. ಇಸ್ಕೊಂಡವರು ಪುಸ್ತಕವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಯ್ಯಲಿ, ದೀಪಾವಳಿಯೊಳಗೆ ವಾಪಸ್ ಕೊಡಲಿ.